ಮದೇರವೋ ಲೇನ್ಯವೋ

ಚಿ. ಪುಟ್ಟಿಗೆ ಸೋದರತ್ತೆಯ ಆಶೀರ್ವಾದಗಳು.

ಚನ್ನಪಟ್ಟಣದ ಗೊಂಬೆಗಳಿಗೆ ಸ್ಪ್ಯಾನಿಷ್ ಚೀಟಿ ಬರೆಯಲು ಕೂತಿದ್ದೀಯಲ್ಲ, ಇಂಗ್ಲಿಷಿನ 'ವುಡ್' ಹಿಡಿದು ನಿಘಂಟು ತೆರೆಯಬೇಡ. ಮದೇರ, ಲೇನ್ಯ, ಪಾಲೊ ಮೂರೂ ಸಾಲಾಗಿ ನಿಂತಿರುತ್ತವೆ. ಕನ್ನಡದಲ್ಲೇ ಯೋಚಿಸು: ಒಲೆಗೆ ಹೋಗುವ ಸೌದೆ ಲೇನ್ಯ, ಬಡಗಿಯ ಕೈಗೆ ಹೋಗುವುದು ಮದೇರ. 'ಓರ್ನೊ ದೆ ಲೇನ್ಯ' ಎಂದರೆ ಸೌದೆ ಒಲೆ. 'ಓರ್ನೊ ದೆ ಮದೇರ' ಎಂದು ಬರೆದರೆ ಮರದಲ್ಲೇ ಮಾಡಿದ ಒಲೆ ಆಗಿಬಿಡುತ್ತದೆ. ಬೆಂಕಿ ಹಚ್ಚಿದರೆ ಒಲೆಯೇ ಉರಿದೀತು! ಧಾರವಾಡದ ಕಡೆಯ ನಿನ್ನ ಗೆಳತಿಗೂ ಇದನ್ನು ಹೇಳು, ಅವರಿಗೆ ಸುಡುವುದೂ ಕಟ್ಟಿಗೆಯೇ, ಕುರ್ಚಿಯೂ ಕಟ್ಟಿಗೆಯದೇ.

ನಮ್ಮ 'ಮರ' ಬೇರೆ ರೀತಿ ಕೈಕೊಡುತ್ತದೆ. ತೋಟದಲ್ಲಿ ನಿಂತಿರುವುದೂ ಮರ, ಕುರ್ಚಿಯೂ ಮರದ್ದು. ಸ್ಪ್ಯಾನಿಷಿನಲ್ಲಿ ಬೇರು ಬಿಟ್ಟು ನಿಂತದ್ದು ಆರ್ಬೊಲ್, ಕಡಿದು ಕೊಯ್ದ ಮೇಲೆ ಮದೇರ. ಹಾಗಾಗಿ ಗೊಂಬೆಗೆ 'ಹುಗೇತೆ ದೆ ಮದೇರ', ಮರದ ಆಟಿಕೆ. ನಡುವಿನ 'ದೆ' ಬಿಡಬೇಡ, ನಮ್ಮ 'ಮರದ' ಎಂಬುದರ 'ದ' ಅದೇ.

ಪಾಲೊ ಮೂಲದಲ್ಲಿ ಕೋಲು, ಪೊರಕೆ ಹಿಡಿಯಂಥದ್ದು. ಆದರೂ ಮರದ ಸೌಟಿಗೆ 'ಕುಚಾರ ದೆ ಪಾಲೊ' ಎನ್ನುವ ರೂಢಿಯಿದೆ. ಕಮ್ಮಾರನ ಮನೆಯಲ್ಲಿ ಮರದ ಚಾಕು ಎಂಬ ಗಾದೆಯಲ್ಲೂ ಪಾಲೊವೇ. ಪೋರ್ಟೊರಿಕೊದಲ್ಲಿ ಮಾವಿನ ಮರ 'ಪಾಲೊ ದೆ ಮಂಗೋ'. ಮಾರಾಟದ ಚೀಟಿಗೆ ಮದೇರವೇ ಸಾಕು, ಎಲ್ಲ ದೇಶದಲ್ಲೂ ನಡೆಯುತ್ತದೆ.

ಎಣಿಸುವಾಗ ಜಾಗ್ರತೆ. 'ದೋಸ್ ಮದೇರಸ್' ಎಂದರೆ ಸಾಮಾನ್ಯವಾಗಿ ಎರಡು ಜಾತಿಯ ಮರ. ಎರಡು ಹಲಗೆ ಬೇಕಿದ್ದರೆ 'ದೋಸ್ ತಾಬ್ಲಸ್', ಎರಡು ತುಂಡಾದರೆ 'ದೋಸ್ ತ್ರೋಸೋಸ್ ದೆ ಮದೇರ'. ಪದರ ಅಂಟಿಸದ ಇಡೀ ಮರದ ಕೆಲಸವೆಂದು ಹೇಳಲು 'ಮದೇರ ಮಾಸೀಸ': ಮದೇರ ಸ್ತ್ರೀಲಿಂಗ, 'ಮಾಸೀಸೊ' ಎಂದು ಬರೆದರೆ ಓದುವವರು ಅಲ್ಲೇ ನಗುತ್ತಾರೆ.

ಗೊಂಬೆ ಇಡುವ ಡಬ್ಬದ ಪ್ಲೈವುಡ್‌ಗೆ ಮಾತ್ರ ಒಂದೇ ಪದ ಇಲ್ಲ. ಸ್ಪೇನಿನಲ್ಲಿ ಕೋಂತ್ರಚಪಾದೊ, ಮೆಕ್ಸಿಕೊದಲ್ಲಿ ತ್ರಿಪ್ಲಾಯ್, ಚಿಲಿಯಲ್ಲಿ ತೆರ್ಸಿಯಾದೊ. ಸರಕು ಯಾವ ದೇಶಕ್ಕೆ ಹೋಗುತ್ತದೆಂದು ಕೇಳಿಕೊಂಡೇ ಆ ಸಾಲು ಬರೆ.

ಇಂತಿ,
ನಿನ್ನ ಅತ್ತೆ