ಸೈಟು, ಮನೆಗೂ ಮೀಟರ್ ಲೆಕ್ಕ ಬರಲಿ

ಮಾನ್ಯ ಸಂಪಾದಕರೇ,

ಹಾಲನ್ನು ಲೀಟರಿನಲ್ಲಿ, ಅಕ್ಕಿಯನ್ನು ಕಿಲೋದಲ್ಲಿ, ಚಿನ್ನವನ್ನು ಗ್ರಾಮಿನಲ್ಲಿ ಕೊಳ್ಳುವ ನಾವು, ಜೀವಮಾನದ ಉಳಿತಾಯವನ್ನೆಲ್ಲ ಸುರಿಯುವ ಸೈಟು ಮತ್ತು ಮನೆಯನ್ನು ಮಾತ್ರ ಇಂದಿಗೂ ಅಡಿ, ಅಂಗುಲಗಳಲ್ಲೇ ಅಳೆಯುತ್ತಿದ್ದೇವೆ. ಜನರಿಗೆ ಮೀಟರ್ ಒಗ್ಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದಾಗ ಆಣೆಯ ಲೆಕ್ಕ ಬಿಟ್ಟವರು, ಅದರ ಬೆನ್ನಿಗೇ ಮಣ, ಸೇರು ಬಿಟ್ಟು ಕಿಲೋಗೆ ಹೊಂದಿಕೊಂಡವರು ನಮ್ಮ ಹಿರಿಯರೇ. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರೂ ಅಲ್ಲ.

ಮನೆ ಕಟ್ಟುವ ಜಾಗಕ್ಕೆ ಹೋಗಿ ನೋಡಿ. ಕಂಬಿ 8 ಮಿ.ಮೀ., 12 ಮಿ.ಮೀ.; ಸಿಮೆಂಟ್ ಚೀಲ 50 ಕಿಲೋ; ರೆಡಿಮಿಕ್ಸ್ ಲಾರಿಯ ಬಿಲ್ಲು ಘನ ಮೀಟರಿನಲ್ಲಿ. ಗೋಡೆಗೆ ಮಾತ್ರ ಅಡಿ, ತಾರಸಿಯ ದಪ್ಪಕ್ಕೆ ಅಂಗುಲ! 1,000 ಚದರ ಅಡಿಯ ತಾರಸಿಗೆ 5 ಅಂಗುಲ ದಪ್ಪದ ಕಾಂಕ್ರೀಟ್ ಎಷ್ಟು ಬೇಕೆಂದು ತಿಳಿಯಲು 5ರಿಂದ ಗುಣಿಸಿ, 12ರಿಂದ ಭಾಗಿಸಿ, ಬಂದ ಘನ ಅಡಿಯನ್ನು ಘನ ಮೀಟರಿಗೆ ತರಲು ಮತ್ತೆ 35.3ರಿಂದ ಭಾಗಿಸಬೇಕು. ಹೀಗಾಗಿ ಮೇಸ್ತ್ರಿ ಹೇಳಿದ್ದೇ ಲೆಕ್ಕವಾಗುತ್ತದೆ. ದುಡ್ಡು ಕೊಡುವವರು ತಾಳೆ ನೋಡಲು ಹೋಗುವುದೇ ಇಲ್ಲ. ಅದೇ 100 ಚದರ ಮೀಟರಿಗೆ 12.5 ಸೆಂ.ಮೀ. ದಪ್ಪ ಎಂದರೆ 12.5 ಘನ ಮೀಟರ್. ಬಾಯಿಲೆಕ್ಕ ಸಾಕು.

ನೀರಿನ ವಿಷಯದಲ್ಲಂತೂ ಮೀಟರಿನ ಉಪಕಾರ ಇನ್ನೂ ದೊಡ್ಡದು. 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಸಂಪು ಎಷ್ಟು ಲೀಟರ್ ಹಿಡಿಯುತ್ತದೆ? ಥಟ್ಟನೆ ಹೇಳಬಲ್ಲವರು ವಿರಳ. ಉದ್ದ, ಅಗಲ, ಆಳ ಎರಡೆರಡು ಮೀಟರ್ ಇದ್ದರೆ 8,000 ಲೀಟರ್ ಎಂದು ಹೈಸ್ಕೂಲ್ ಮಕ್ಕಳೂ ಹೇಳುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಸುರಿದರೆ ಒಂದು ಲೀಟರ್ ನೀರು. ಊರಿನಲ್ಲಿ 20 ಮಿ.ಮೀ. ಮಳೆಯಾಯಿತೆಂದು ನಿಮ್ಮ ಪತ್ರಿಕೆ ವರದಿ ಮಾಡಿದರೆ, 100 ಚದರ ಮೀಟರ್ ತಾರಸಿಯ ಮೇಲೆ 2,000 ಲೀಟರ್ ಬಿದ್ದಿದೆ ಎಂದೇ ಅರ್ಥ. ಮಳೆನೀರು ಸಂಗ್ರಹಿಸಿ ಎಂದು ಎಷ್ಟು ಭಾಷಣ ಮಾಡಿದರೂ ಈ ಒಂದು ಲೆಕ್ಕದಷ್ಟು ಮನಸ್ಸಿಗೆ ನಾಟುವುದಿಲ್ಲ.

ಅಡಿ ಲೆಕ್ಕದಲ್ಲಿ ಹಣವೂ ಸೋರುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 9×12 ಮೀಟರಿನ ಸೈಟನ್ನು ಎಲ್ಲರೂ ‘ಮೂವತ್ತು ನಲವತ್ತು’ ಎಂದೇ ಕರೆಯುತ್ತಾರೆ. ಆದರೆ 108 ಚದರ ಮೀಟರ್ ಎಂದರೆ ಸುಮಾರು 1,162 ಚದರ ಅಡಿ, 1,200 ಅಲ್ಲ. ಚದರ ಅಡಿಗೆ 10,000 ರೂಪಾಯಿಯಂತೆ ಮಾತು ಮುಗಿಸಿ 1,200ಕ್ಕೆ ಹಣ ಎಣಿಸಿದವರು ಮೂರು ಮುಕ್ಕಾಲು ಲಕ್ಷ ಹೆಚ್ಚು ಕೊಟ್ಟಂತೆ.

ರೈತರಿಗೂ ಇದು ಹೊರೆಯಾಗದು. ಒಂದು ಗುಂಟೆ ಎಂದರೆ 101 ಚದರ ಮೀಟರ್, ಹೆಚ್ಚುಕಡಿಮೆ ನೂರು. ಪಹಣಿಯಲ್ಲಿ ಎಕರೆ, ಗುಂಟೆಯ ಪಕ್ಕದಲ್ಲೇ ಚದರ ಮೀಟರನ್ನೂ ನಮೂದಿಸಿದರೆ ಕಣ್ಣು ತಾನಾಗಿ ಪಳಗುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಪತ್ರಿಕೆಯಲ್ಲಿ ಬರುವ ಸೈಟು, ಮನೆಗಳ ಜಾಹೀರಾತಿನಲ್ಲಿ ವಿಸ್ತೀರ್ಣ, ದರ ಎರಡೂ ಮೊದಲು ಚದರ ಮೀಟರಿನಲ್ಲಿರಲಿ. ಚದರ ಅಡಿ ಬೇಕೆನ್ನುವವರಿಗೆ ಅದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕೊಡಿ.

– ಗಣಿತ ಶಿಕ್ಷಕಿ, ತುಮಕೂರು