ಶಬ್ದಕ್ಕೊಂದು ಮುಖ ಬೇಕು ಮಾರಾಯ

ಡೊಂಬಿವಲಿ, ಬುಧವಾರ ರಾತ್ರಿ

ಪ್ರೀತಿಯ ಗೆಳೆಯ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಇಂಗ್ಲಿಷ್ ಶಬ್ದಪಟ್ಟಿಯ ಫೋಟೋ ನೋಡಿದೆ. ದಿನಕ್ಕೆ ಐವತ್ತು ಶಬ್ದ, ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇ ಪರೀಕ್ಷೆ ಬರುವಷ್ಟರಲ್ಲಿ ಮೂರು ಸಾವಿರ ಬಾಯಿಪಾಠ ಅಂತ ಬರೆದಿದ್ದೀಯ. ನಿನ್ನ ಹಟ ನನಗೆ ಗೊತ್ತು, ಮಾಡಿಯೇ ಮಾಡುತ್ತೀಯ. ಆದರೆ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಫ್ರೂಗಲ್, ಥ್ರಿಫ್ಟಿ, ಪಾರ್ಸಿಮೋನಿಯಸ್, ಸ್ಟಿಂಜಿ. ನಾಲ್ಕರ ನಡುವೆಯೂ ಸಮ ಚಿಹ್ನೆ ಹಾಕಿದ್ದೀಯ. ಆ ಚಿಹ್ನೆಯನ್ನು ನಂಬಿ ನಾನು ಒಬ್ಬರ ಮನಸ್ಸು ನೋಯಿಸಿದ್ದೇನೆ. ಅದನ್ನು ನಿನಗೆ ಹೇಳಲೇಬೇಕು ಅನ್ನಿಸಿತು.

ಮುಂಬೈಗೆ ಬಂದ ಎರಡನೇ ವರ್ಷ. ಫೋರ್ಟ್‌ನ ನಮ್ಮ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ರಿಟೈರ್ ಆಗುತ್ತಿದ್ದರು. ಒಂದು ಪೆನ್ಸಿಲ್ ಕೂಡ ವ್ಯರ್ಥ ಮಾಡದ ಮನುಷ್ಯ. ಅವರ ಕಾರ್ಡಿನಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ನನಗೆ ಬಂತು. ನಾನೂ ಆಗ ನಿನ್ನ ಹಾಗೆ ಪಟ್ಟಿ ಕಲಿಯುತ್ತಿದ್ದೆ. ಕಂಪನಿಯ ದುಡ್ಡಿನ ವಿಷಯದಲ್ಲಿ ಅವರು ಪಾರ್ಸಿಮೋನಿಯಸ್ ಅಂತ ಬರೆದೆ. ಹೊಗಳಿದ್ದೇನೆ ಅಂತಲೇ ನಂಬಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಆ ಸಾಲಿನ ಮೇಲೆ ಬೆರಳು ಒಂದು ಕ್ಷಣ ನಿಂತಿತು. ಏನೂ ಹೇಳದೆ ಕಾರ್ಡನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಶಬ್ದಕ್ಕೆ ಜಿಪುಣ ಅಂತ ಅರ್ಥ ಎಂದು ಪಕ್ಕದ ಟೇಬಲ್ಲಿನವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಲಿಫ್ಟಿನ ಹತ್ತಿರ ಓಡಿಹೋಗಿ ಕ್ಷಮೆ ಕೇಳಿದೆ, ಥ್ರಿಫ್ಟಿ ಅನ್ನಬೇಕಿತ್ತು ಸರ್ ಅಂದೆ. ಅವರು ನನ್ನ ಹೆಗಲು ತಟ್ಟಿ ಕೆಳಗಿಳಿದರು. ಆದರೆ ಕಾರ್ಡು ಹಾಗೇ ಉಳಿಯಿತಲ್ಲ.

ಈಗ ನಾನು ಶಬ್ದ ಕಲಿಯುವ ರೀತಿಯೇ ಬೇರೆ. ಒಂದೊಂದು ಶಬ್ದಕ್ಕೂ ಗುರುತಿನ ಒಂದು ಮುಖ ಹುಡುಕುತ್ತೇನೆ. ರಾತ್ರಿ ಗಂಜಿ, ಉಪ್ಪಿನಕಾಯಿಯಲ್ಲೇ ತೃಪ್ತಿಯಾಗಿದ್ದ ನಿನ್ನ ಅಜ್ಜಯ್ಯ ಫ್ರೂಗಲ್. ಹಳೇ ಸೀರೆಯಲ್ಲಿ ಕೌದಿ ಹೊಲಿದು, ಉಳಿದ ದುಡ್ಡನ್ನು ಚೀಟಿಗೆ ಹಾಕುವ ನನ್ನ ಅಮ್ಮ ಥ್ರಿಫ್ಟಿ. ಮನೆ ತುಂಬ ಇದ್ದರೂ ಕೆಲಸದವರಿಗೆ ಅರ್ಧ ಲೋಟ ಚಹಾ ಕೊಡುವವನು ಸ್ಟಿಂಜಿ. ಅವನ ಬಗ್ಗೆಯೇ ಗಂಭೀರವಾಗಿ ಬರೆದರೆ ಪಾರ್ಸಿಮೋನಿಯಸ್. ಕೊನೆಯ ಎರಡು ಮಾತ್ರ ಒಂದೇ ಮನೆಯವು. ಒಂದು ಬೀದಿಯ ಮಾತು, ಇನ್ನೊಂದು ಪುಸ್ತಕದ ಮಾತು.

ಪರೀಕ್ಷೆಗೂ ಇದೇ ಬೇಕು. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ ಆರು ಶಬ್ದ ಕೊಡುತ್ತಾರೆ, ಎರಡನ್ನು ಆರಿಸಬೇಕು. ಎರಡರಲ್ಲಿ ಯಾವುದನ್ನು ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಬೇಕು. ಒಂದು ಸರಿ, ಒಂದು ತಪ್ಪಾದರೆ ಅರ್ಧ ಅಂಕವೂ ಇಲ್ಲ. ಆರರಲ್ಲಿ ಜೋಡಿಯಂತೆ ಕಾಣುವ ಎರಡು ಶಬ್ದ ಇರಬಹುದು, ಆದರೆ ವಾಕ್ಯಕ್ಕೆ ಹೊಂದದೇ ಇರಬಹುದು. ಪಟ್ಟಿ ಓದಿದವರು ಅಲ್ಲೇ ಬೀಳುವುದು. ಅಂದ ಹಾಗೆ, ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ನಾನು ಕೊಂಡು ಕಳಿಸಿದ ಹಳೇ ಪುಸ್ತಕದಲ್ಲಿ ವಿರುದ್ಧ ಪದಗಳ ಭಾಗ ಇದೆಯಲ್ಲ, ಅದನ್ನು ಬಿಟ್ಟುಬಿಡು. 2011ರಿಂದ ಆ ಪ್ರಶ್ನೆಗಳೇ ಇಲ್ಲ. ನಾನು ನೋಡದೆ ಕಳಿಸಿದೆ.

ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಇಷ್ಟೊಂದು ಶಬ್ದ ಯಾಕೆ ಅಂತ ಕೇಳಿದ್ದೆಯಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ದೊರೆಗಳ ಮನೆಯಲ್ಲಿ ಫ್ರೆಂಚ್, ಹೊಲದಲ್ಲಿ ಹಳೇ ಇಂಗ್ಲಿಷ್, ಇಗರ್ಜಿ ಮತ್ತು ಓದಿನಲ್ಲಿ ಲ್ಯಾಟಿನ್. ಹಾಗಾಗಿ ಬಿಗಿನ್ ಊರಿನ ಶಬ್ದ, ಕಮೆನ್ಸ್ ಫ್ರೆಂಚಿನಿಂದ ಬಂದದ್ದು, ಇನಿಶಿಯೇಟ್ ಲ್ಯಾಟಿನ್ನಿಂದ. ನಮ್ಮಲ್ಲೂ ಹಾಗೇ ಅಲ್ವಾ? ತೊಡಗು ನಮ್ಮದು, ಆರಂಭ ಸಂಸ್ಕೃತದ್ದು, ಶುರು ಅರಬ್ಬಿ ಮೂಲದ್ದು. ಮಳೆ ಶುರುವಾಯಿತು ಅನ್ನುತ್ತೇವೆ, ಸಭೆ ಆರಂಭವಾಯಿತು ಅನ್ನುತ್ತೇವೆ. ಯಾರೂ ಕಲಿಸದೆಯೇ ಯಾವುದು ಎಲ್ಲಿಗೆ ಎಂದು ನಮಗೆ ಗೊತ್ತು.

ನಿನ್ನ ಅಪ್ಪಯ್ಯ ತೀರಿಕೊಂಡ ದಿನ ನೆನಪಿದೆಯಾ? ನನ್ನ ಅಮ್ಮ ಊರಿಂದ ನನಗೆ ಫೋನ್ ಮಾಡಿ, "ಅವರು ಹೋಗಿಬಿಟ್ರು ಮಗಾ" ಅಂದಳು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಸತ್ತರು ಎಂಬ ಶಬ್ದ ಅವಳಿಗೆ ಗೊತ್ತಿಲ್ಲವೇ? ಆ ಹೊತ್ತಿಗೆ ಅದು ಅವಳ ಬಾಯಿಗೆ ಬರಲಿಲ್ಲ. ಇಂಗ್ಲಿಷಿನಲ್ಲೂ ನಮಗೆ ಬೇಕಾಗಿರುವುದು ಆ ತಿಳಿವಳಿಕೆಯೇ.

ಅಜ್ಜಯ್ಯ ಸಂಸ್ಕೃತದ ಸಮಾನಾರ್ಥಕ ಪದಗಳ ಅಮರಕೋಶವನ್ನೇ ಬಾಯಿಪಾಠ ಮಾಡಿದ್ದರು, ನನಗೇಕೆ ಆಗದು ಅಂತ ನೀನು ಕೇಳಬಹುದು. ಮಾಡಿದ್ದರು. ಆದರೆ ಅದಾದ ಮೇಲೆ ವರ್ಷಗಟ್ಟಲೆ ಕಾವ್ಯ ಓದಿದರು. ಕಲಿತ ಶಬ್ದಗಳೆಲ್ಲ ಅಲ್ಲಿ ಕಣ್ಣೆದುರು ಓಡಾಡಿದವು.

ಥೆಸಾರಸ್, ಅಂದರೆ ಹತ್ತಿರದ ಅರ್ಥದ ಶಬ್ದಗಳನ್ನು ಒಟ್ಟಿಗೆ ಕೊಡುವ ಪುಸ್ತಕ, ಬೇಡ ಅನ್ನುತ್ತಿಲ್ಲ. ರೋಜೆ ಎಂಬ ಡಾಕ್ಟರು 1805ರಲ್ಲಿ ತನ್ನ ಉಪಯೋಗಕ್ಕೆ ಮೊದಲ ಪಟ್ಟಿ ಮಾಡಿಕೊಂಡು, 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ ಪುಸ್ತಕ ತಂದರು. ಶಬ್ದಗಳನ್ನು ಅಕ್ಷರದ ಕ್ರಮದಲ್ಲಿ ಇಡಲಿಲ್ಲ, ಅರ್ಥದ ಪ್ರಕಾರ ಸಾವಿರ ಗುಂಪು ಮಾಡಿದರು. ಹೇಳಬೇಕಾದ್ದು ಮನಸ್ಸಿನಲ್ಲಿದೆ, ಶಬ್ದ ಸಿಗುತ್ತಿಲ್ಲ ಅನ್ನುವವರಿಗಾಗಿ ಮಾಡಿದ ಪುಸ್ತಕ ಅದು. ಶಬ್ದ ಸಿಕ್ಕಿದ ಮೇಲೆ ಡಿಕ್ಷನರಿ ತೆಗೆದು ಒಂದು ಉದಾಹರಣೆ ವಾಕ್ಯ ಓದು. ಎರಡನ್ನೂ ಒಟ್ಟಿಗೇ ಇಟ್ಟುಕೋ.

ನಾನು ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ದಿನಕ್ಕೆ ಎಂಟು ಶಬ್ದ ಮಾತ್ರ ನೋಡುತ್ತೇನೆ. ಕೂರಲು ಜಾಗ ಸಿಗುವುದಿಲ್ಲ, ಅದಕ್ಕೆ ಅಂಗೈಯಷ್ಟು ದೊಡ್ಡ ನೋಟ್‌ಬುಕ್. ಎಡಗಡೆ ಶಬ್ದ, ಬಲಗಡೆ ನನ್ನದೇ ಒಂದು ವಾಕ್ಯ, ಕೆಳಗೆ ಕನ್ನಡದಲ್ಲಿ ಯಾರು ಯಾರಿಗೆ ಹಾಗೆ ಹೇಳುತ್ತಾರೆ ಅಂತ ಒಂದು ಸಾಲು. ದಾದರ್ ಬರುವಷ್ಟರಲ್ಲಿ ಎಂಟೂ ಮುಗಿದಿರುತ್ತವೆ. ನಿನಗೆ ಟೈಮ್ ಜಾಸ್ತಿ ಇದೆ, ಹದಿನೈದು ಮಾಡು. ಐವತ್ತು ಖಂಡಿತ ಬೇಡ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಆ ಸಾಲಿನ ಸಮ ಚಿಹ್ನೆಗಳನ್ನು ಅಳಿಸಿ, ನಾಲ್ಕು ಶಬ್ದಕ್ಕೂ ನಿನ್ನದೇ ನಾಲ್ಕು ಜನರನ್ನು ಹುಡುಕಿಡು. ಅಜ್ಜಯ್ಯನನ್ನು ಬೇಕಾದರೆ ಹಾಗೇ ಇಟ್ಟುಕೋ.

ನಿನ್ನ ಗೆಳೆಯ