ಅಪ್ಪನಿಗೆ, ನಾಲ್ಕು ಸೆಕೆಂಡಿನ ವಿಷಯಕ್ಕೆ

ಓಕ್‌ಲ್ಯಾಂಡ್, ಕ್ಯಾಲಿಫೋರ್ನಿಯಾ

ತೀರ್ಥರೂಪ ಅಪ್ಪನಿಗೂ ಆಯಿಗೂ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಆರಾಮ. ಚಳಿ ಇದೆ, ಆದರೆ ನಮ್ಮ ಅಂಗಳದ ಬೆಳಗಿನ ಚಳಿಗಿಂತ ಜಾಸ್ತಿ ಏನಲ್ಲ. ಆಯಿ, ನೀನು ಕಳಿಸಿದ ತೊಡೆದೇವು ಅರ್ಧ ಪುಡಿಯಾಗಿ ಬಂತು. ಪುಡಿಯನ್ನೂ ಬಿಡದೆ ಹಾಲಿಗೆ ಹಾಕಿಕೊಂಡು ತಿಂದೆ. ಇನ್ನು ಮುಂದಿನದೆಲ್ಲ ಅಪ್ಪನಿಗೆ. ನೀನೂ ಓದು, ಆದರೆ ಮಧ್ಯೆ ಮಧ್ಯೆ ಅವನ ಪರ ಮಾತಾಡಬೇಡ.

ಅಪ್ಪಾ, ಹೋದ ವಾರ ಫೋನಿನಲ್ಲಿ ತಮ್ಮನ ಬಗ್ಗೆ ಹೇಳಿದೆಯಲ್ಲ, ಅದು ತಲೆಯಲ್ಲೇ ಕೂತಿದೆ. ಎಲ್ಲರೂ ಅಡಿಕೆ ಸುಲಿಯಲು ಕೂತರೆ ಇವನು ಮಾಳಿಗೆಯ ಮೆತ್ತು ಹತ್ತಿ, ರ‍್ಯಾಪ್ ಅಂತ ಮೊಬೈಲಿಗೆ ಬೈಯುತ್ತಾ ಇರುತ್ತಾನೆ, ಹಾಡಾ ಅದು, ಮಳ್ಳು ಅಂದೆ. ನಾನು ಏನೋ ಹೇಳಲು ಹೋದೆ. ನೀನು 'ತಗ, ಆಯಿ ಹತ್ರ ಮಾತಾಡು' ಅಂತ ಫೋನ್ ದಾಟಿಸಿಬಿಟ್ಟೆ. ಪತ್ರವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವ ಈ ಊರಿನದೇ ಒಂದು ರ‍್ಯಾಪ್ ತಂಡ ಇದೆ. ಹೆಸರು ಸೋಲ್ಸ್ ಆಫ್ ಮಿಸ್ಚೀಫ್. ನಾಲ್ಕು ಜನ: ಎ-ಪ್ಲಸ್, ತಜಾಯ್, ಓಪಿಯೊ, ಫೆಸ್ಟೊ. ಶಾಲೆಗೆ ಹೋಗುವಾಗಿಂದ ಗೆಳೆಯರು. ಇವರೂ ಇನ್ನೂ ಕೆಲವರೂ ಸೇರಿ ಹೈರೊಗ್ಲಿಫಿಕ್ಸ್ ಅಂತ ಒಂದು ದೊಡ್ಡ ಬಳಗ. ನಮ್ಮಲ್ಲಿ ಮೇಳ ಅನ್ನುತ್ತೇವಲ್ಲ, ಹಾಗೆ. 1993ರಲ್ಲಿ ಇವರ ಮೊದಲ ಆಲ್ಬಮ್ ಬಂದಾಗ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಈಗ ಐವತ್ತರ ಆಸುಪಾಸು. ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ. ಚಿಕ್ಕ ಹಾಲ್, ಕುರ್ಚಿ ಇಲ್ಲ, ಎಲ್ಲರೂ ನಿಂತೇ ಕೇಳಬೇಕು. ಪಕ್ಕದಲ್ಲಿ ನಿನ್ನ ವಯಸ್ಸಿನವರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಇಬ್ಬರಿಗೂ ಎಲ್ಲ ಸಾಲು ಬಾಯಿಗೆ ಬರುತ್ತಿತ್ತು.

ನಾಲ್ವರೂ ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡ ಹಾಗೆ ಹೇಳುತ್ತಾರೆ. ಒಬ್ಬ ಸಾಲನ್ನು ಅರ್ಧಕ್ಕೆ ಬಿಡುತ್ತಾನೆ, ಇನ್ನೊಬ್ಬ ಅದೇ ಪ್ರಾಸ ಹಿಡಿದು ಮುಂದೆ ಎಳೆಯುತ್ತಾನೆ, ಮೂರನೆಯವನು ಅದಕ್ಕೇ ಕೊಕ್ಕೆ ಹಾಕುತ್ತಾನೆ. ತಾಳ ಮಾತ್ರ ಎಲ್ಲೂ ತಪ್ಪುವುದಿಲ್ಲ. ಆಗ ನನಗೆ ನೆನಪಾಗಿದ್ದು ಯಾವುದು ಗೊತ್ತಾ? ಆಷಾಢದ ಮಳೆ, ನಮ್ಮ ಜಗುಲಿ, ಕಂಬಕ್ಕೆ ಒರಗಿ ಕೂತ ನೀನು. ತಾಳಮದ್ದಲೆಯಲ್ಲಿ ವೇಷವಿಲ್ಲದೆ, ಬರೀ ಮಾತಿನಲ್ಲೇ ವಾಲಿಯ ಅರ್ಥ ಹೇಳುತ್ತಿದ್ದೆ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಅಂತ ರಾಮನನ್ನು ಕೇಳಿ, ರಾಮನ ಪಾತ್ರದವರು ಉತ್ತರ ಹುಡುಕುವಷ್ಟರಲ್ಲಿ ಅವರ ಮಾತನ್ನೇ ತಿರುಗಿಸಿ ಅವರಿಗೇ ಕೊಟ್ಟೆಯಲ್ಲ! ಜಗುಲಿ ಪೂರ್ತಿ ನಕ್ಕಿತ್ತು. ಮೊದಲೇ ಬರೆದುಕೊಂಡ ಮಾತಲ್ಲ, ಅಲ್ಲೇ ಹುಟ್ಟಿದ್ದು. ಇಲ್ಲಿ ಇದಕ್ಕೆ ಫ್ರೀಸ್ಟೈಲ್ ಅನ್ನುತ್ತಾರೆ. ಇಬ್ಬರು ಎದುರುಬದುರು ನಿಂತರೆ ಬ್ಯಾಟಲ್. (ನಾನು ಅದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿದ್ದು. ಹೆಣ್ಣುಮಕ್ಕಳನ್ನು ಯಾರೂ ಅರ್ಥಕ್ಕೆ ಕೂರಿಸುತ್ತಿರಲಿಲ್ಲ. ಅದರ ಲೆಕ್ಕ ಇನ್ನೊಂದು ಪತ್ರದಲ್ಲಿ.)

ನೀನು ಕೇಳಬಹುದು, ತಾಳಮದ್ದಲೆಯಲ್ಲಿ ಪದ್ಯ ಇದೆ, ಅದನ್ನು ಹಾಡುವ ಭಾಗವತರು ಇದ್ದಾರೆ, ಇವರಿಗೆ ಏನಿದೆ ಅಂತ. ಇವರಿಗೂ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ಬಂದು ನೆಲೆಸಿದ ಕೂಲ್ ಹರ್ಕ್ ಅನ್ನುವ ಹುಡುಗ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ. ಹಿಪ್-ಹಾಪ್ ಹುಟ್ಟಿದ್ದು ಅಲ್ಲಿ ಅನ್ನುತ್ತಾರೆ. ಹಾಡಿನ ನಡುವೆ ಬರೀ ಡ್ರಮ್ ಬರುವ ತುಣುಕಿಗೆ ಜನ ಜಾಸ್ತಿ ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಇದು ಮುಗಿಯುವಾಗ ಅದನ್ನು ಶುರು ಮಾಡಿ, ಆ ತುಣುಕನ್ನೇ ಉದ್ದ ಮಾಡುತ್ತಿದ್ದ. ಅದರ ಮೇಲೆ ಮೈಕ್ ಹಿಡಿದವರು ಮಾತು ಜೋಡಿಸಿದರು. ಪದ್ಯ ಹಳೆಯದು, ಅರ್ಥ ನಮ್ಮದು. ನೀನು ಮಾಡುವುದೂ ಅದನ್ನೇ ಅಲ್ವಾ? ಯಾರೋ ಕವಿ ಎಂದೋ ಬರೆದಿಟ್ಟ ಪದ್ಯ, ಅದರ ಮೇಲೆ ನಿನ್ನ ಮಾತು.

ಇಷ್ಟು ಬರೆಯುವಾಗ ಒಂದು ವಿಷಯ ಚುಚ್ಚುತ್ತಿದೆ. ಕಪ್ಪು ಜನರ ಸಂಗೀತ ಕೇಳಲು ನಾನು ಇಲ್ಲಿ ಟಿಕೆಟ್ ಕೊಟ್ಟು ಸಾಲಿನಲ್ಲಿ ನಿಲ್ಲುತ್ತೇನೆ. ನಮ್ಮ ತೋಟದ ಆಚೆ ಸಿದ್ದಿಗಳ ಮನೆಗಳಿವೆ. ಅವರ ಹಿರಿಯರೂ ಆಫ್ರಿಕಾದಿಂದಲೇ ಬಂದವರು. ಹಬ್ಬದ ರಾತ್ರಿ ಅಲ್ಲಿಂದ ಡಮಾಮಿ ವಾದ್ಯದ ಸದ್ದು ಬರುತ್ತಿತ್ತು. ನಾವು ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದು. ಒಂದು ಸಲವೂ ಹೋಗಿ ಕೂತು ಕೇಳಲಿಲ್ಲ.

ಸರಿ, ತಂಡದ ಕಥೆಗೆ ಬರುತ್ತೇನೆ. ನಿನಗೆ ಹಿಡಿಸುವುದು ಈ ಭಾಗವೇ ಅಂತ ನನಗೆ ಗೊತ್ತು. ಮೊದಲ ಆಲ್ಬಮ್ಮಿಗೆ ಹೆಸರು ಬಂತು. 1995ರಲ್ಲಿ ಎರಡನೆಯದು ಬಂತು. ಆಮೇಲೆ ದೊಡ್ಡ ಕಂಪನಿ ಕೈಬಿಟ್ಟಿತು. ಬಳಗದ ಉಳಿದವರಿಗೂ ಹೆಚ್ಚುಕಡಿಮೆ ಇದೇ ಗತಿ. ಆಗ ಇವರು ಇನ್ನೊಂದು ಕಂಪನಿಯ ಬಾಗಿಲು ಬಡಿಯಲು ಹೋಗಲಿಲ್ಲ. 1997ರಲ್ಲಿ ಹೈರೊ ಇಂಪೀರಿಯಮ್ ಅಂತ ತಮ್ಮದೇ ಕಂಪನಿ ಕಟ್ಟಿದರು. ಇಂಟರ್ನೆಟ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಆಗಲೇ ತಮ್ಮದೊಂದು ವೆಬ್‌ಸೈಟ್ ಮಾಡಿ, ಕ್ಯಾಸೆಟ್ಟುಗಳನ್ನು ಕೇಳುಗರಿಗೆ ನೇರವಾಗಿ ಮಾರಿದರು. ಬಳಗದ ಡೆಲ್ ಅನ್ನುವವನ ಒಂದು ಇಡೀ ಆಲ್ಬಮ್ ಮೊದಲು ಬಂದದ್ದೇ ಹಾಗೆ. ಅವನೇ ಬರೆದ ಮೂರು ಕಣ್ಣಿನ ಮುಖ ಇವರ ಗುರುತು. ಇಲ್ಲಿ ಟೀ ಶರ್ಟು, ಟೋಪಿಗಳ ಮೇಲೆ ಅದನ್ನು ಈಗಲೂ ಕಾಣುತ್ತೇನೆ. ಅಜ್ಜ ಟಿಎಸ್‌ಎಸ್ ಕಥೆ ಹೇಳುತ್ತಿದ್ದನಲ್ಲ, 1923ರಲ್ಲಿ ಶಿರಸಿಯ ಬೆಳೆಗಾರರೇ ಸೇರಿ ತಮ್ಮ ಅಡಿಕೆ ತಾವೇ ಮಾರಲು ಸಂಘ ಕಟ್ಟಿದ್ದು? ಓದುವಾಗ ನನಗೆ ಅದೇ ನೆನಪಾಯಿತು. ಬೆಳೆ ಬೇರೆ, ದಲಾಲರ ಕಾಟ ಒಂದೇ.

2012ರಿಂದ ಇವರ ಹೆಸರಿನಲ್ಲಿ ಓಕ್‌ಲ್ಯಾಂಡಿನಲ್ಲಿ ಹೈರೊ ಡೇ ಅಂತ ಹಬ್ಬವೂ ಶುರುವಾಯಿತು. ಮೊದಲನೆಯದು ನಡೆದದ್ದು ಸೆಪ್ಟೆಂಬರ್ 3ಕ್ಕೆ. ಇಲ್ಲಿಯವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ 9/3. ಮೊದಲ ಆಲ್ಬಮ್ಮಿನ ವರ್ಷ 93. ಇಂಥ ಲೆಕ್ಕ ಹಾಕುವ ಚಟ ನಿನಗೂ ಇದೆ.

ಎಲ್ಲ ಚೆನ್ನಾಗಿದೆ ಅಂತ ಸುಳ್ಳು ಹೇಳುವುದಿಲ್ಲ. ಬೈಗುಳ ಇದೆ. ಕೆಲವು ಹಾಡಿನಲ್ಲಿ ತಾವೆಷ್ಟು ಜಾಣರು ಅಂತ ಹೇಳಿಕೊಳ್ಳುವುದೇ ಮುಗಿಯುವುದಿಲ್ಲ. ಅರ್ಥಧಾರಿಗಳಲ್ಲೂ ಅಂಥವರಿದ್ದಾರೆ, ಹೆಸರು ಬೇಡ. ಆದರೆ 2014ರಲ್ಲಿ ಏಡ್ರಿಯನ್ ಯಂಗ್ ಅನ್ನುವ ಸಂಗೀತಗಾರನ ಜೊತೆ ಸೇರಿ ಮಾಡಿದ ಆಲ್ಬಮ್ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಳೇ ರೆಕಾರ್ಡಿನ ತುಣುಕು ಬೇಡ ಅಂತ ವಾದ್ಯಗಳನ್ನೇ ಕೂರಿಸಿ ನುಡಿಸಿದ್ದು. ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ, 1994ರ ಓಕ್‌ಲ್ಯಾಂಡಿನದು. ನಡುನಡುವೆ ಬೇರೊಂದು ಹಳೇ ತಂಡದ ಅಲಿ ಶಹೀದ್ ಮುಹಮ್ಮದ್ ರೇಡಿಯೊದವನ ಹಾಗೆ ಬಂದು ಕಥೆ ಮುಂದೆ ಸಾಗಿಸುತ್ತಾನೆ. ಇಪ್ಪತ್ತರ ವಯಸ್ಸಿನಲ್ಲಿ ಬಿಡಿ ಬಿಡಿ ಪದ್ಯ ಹೇಳುತ್ತಿದ್ದವರು ನಲವತ್ತರ ಹೊತ್ತಿಗೆ ಒಂದು ಪೂರ್ತಿ ಪ್ರಸಂಗ ಕಟ್ಟಿದರು. ಮಾತಿನ ಓಟ ಕಡಿಮೆಯಾಗಿದೆ, ತೂಕ ಬಂದಿದೆ. ಆ ರಾತ್ರಿ ಹಾಲ್‌ನಲ್ಲಿ ಜನ ಹಳೇ ಹಾಡೇ ಬೇಕು ಅಂತ ಕೂಗಿದರು. ನನಗೆ ಪಾಪ ಅನ್ನಿಸಿತು. ನಿನಗೂ ಎಲ್ಲಿ ಹೋದರೂ ವಾಲಿಯನ್ನೇ ಕೇಳುತ್ತಾರಲ್ಲ.

ಈಗ ತಮ್ಮನ ವಿಷಯ. ಅವನು ಶುರು ಮಾಡಿದ್ದು ಕನ್ನಡದಲ್ಲಿ ರ‍್ಯಾಪ್ ಮಾಡುವ ಆಲ್ ಓಕೆ, ಚಂದನ್ ಶೆಟ್ಟಿ ಅವರನ್ನು ಕೇಳಿ. ಮೊದಮೊದಲು ಅವರ ಹಾಗೆಯೇ ಬೆಂಗಳೂರಿನ ಮಾತಿನಲ್ಲಿ ಬರೆದು ಕಳಿಸುತ್ತಿದ್ದ. ಎರಡು ಮಾತಿಗೊಂದು ಮಚ್ಚಾ. 'ನಮ್ಮ ಮನೆಯಲ್ಲಿ ಮಚ್ಚಾ ಅನ್ನುವವರು ಯಾರೋ?' ಅಂತ ನಾನೇ ಬೈದೆ. ಎರಡು ತಿಂಗಳು ಮಾತು ಬಿಟ್ಟಿದ್ದ. ಆಮೇಲೆ ಒಂದು ದಿನ ಮನೆಮಾತಿನಲ್ಲೇ ಬರೆದು ಕಳಿಸಿದ. ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗದೆ ಗೊನೆ ಮರದಲ್ಲೇ ಹಣ್ಣಾಗಿ ಉದುರುವುದು, ಎಲೆಚುಕ್ಕಿ ರೋಗ, ಮಕ್ಕಳೆಲ್ಲ ಊರು ಬಿಟ್ಟು ಎರಡೇ ಜನ ಉಳಿದ ಮನೆಗಳು, ತೋಟ ಇದೆ ಅಂದ ತಕ್ಷಣ ಹೆಣ್ಣು ಕೊಡಲು ಹಿಂದೆ ಸರಿಯುವವರು. ಊರು ಬಿಟ್ಟವರ ಬಗ್ಗೆ ಒಂದು ಸಾಲಿದೆ. ಅದು ನನಗೇ ಅಂತ ಅನುಮಾನ. ಪ್ರಾಸ ಮಾತ್ರ ಚೆನ್ನಾಗಿ ಕೂತಿದೆ, ಬೈಯಲಾಗಲಿಲ್ಲ.

ಅವನು ಸುಲಿಯಲು ಬರುವುದಿಲ್ಲ ಅಂದೆಯಲ್ಲ, ಅದು ತಪ್ಪೇ. ನಾನೂ ಹೇಳಿದ್ದೇನೆ. ಆದರೆ ನೀವೆಲ್ಲ ಕೂತು ಸುಲಿಯುವ ಸದ್ದನ್ನು ಅವನು ಮೆತ್ತಿನ ಮೇಲಿಂದ ರೆಕಾರ್ಡ್ ಮಾಡಿದ್ದಾನೆ. ಮೆಟ್ಟುಗತ್ತಿಗೆ ಅಡಿಕೆ ಸಿಕ್ಕುವ ಸದ್ದು, ಬುಟ್ಟಿಗೆ ಬೀಳುವ ಸದ್ದು, ನಡುವೆ ಆಯಿಯ ಕೆಮ್ಮು. ಅದೇ ಅವನ ತಾಳ.

ಇನ್ನೊಂದು ಇದೆ. ಇದನ್ನು ಹೇಳಲು ಅವನಿಗೆ ಧೈರ್ಯ ಇಲ್ಲ, ಅದಕ್ಕೇ ನನ್ನ ಕೈಯಲ್ಲಿ ಬರೆಸುತ್ತಿದ್ದಾನೆ. ಮೆತ್ತಿನ ಪೆಟ್ಟಿಗೆಯಲ್ಲಿ ನಿನ್ನ ತಾಳಮದ್ದಲೆಯ ಹಳೇ ಕ್ಯಾಸೆಟ್ ಸಿಕ್ಕಿದೆ. ಫಂಗಸ್ ಹಿಡಿದಿತ್ತು, ಒರೆಸಿ ಸರಿ ಮಾಡಿದ್ದಾನೆ. ಅದರಿಂದ ನಾಲ್ಕು ಸೆಕೆಂಡ್ ಬೇಕಂತೆ. ವಾಲಿ 'ಮರೆಯಲ್ಲಿ ನಿಂತವನೇ, ಎದುರಿಗೆ ಬಾ' ಅನ್ನುವ ಜಾಗ. ಹಾಡಿನ ಕೊನೆಗೆ ಅದನ್ನು ಮೂರು ಸಲ ಹಾಕುತ್ತಾನಂತೆ. ನಿನ್ನ ಹಿಂದೆ ಮಳೆ ಕೇಳುತ್ತದೆ ಅಪ್ಪಾ. ನಮ್ಮ ಹಳೇ ಹಂಚಿನ ಮಾಡಿನ ಮೇಲೆ ಬಿದ್ದ ಮಳೆ.

ಕೇಳದೆ ಹಾಕಿಕೊಂಡಿದ್ದರೆ ನಿನಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಇಲ್ಲಿ 1991ರಲ್ಲಿ ಇಂಥದ್ದೇ ಒಂದು ತುಣುಕಿಗೆ ಕೋರ್ಟಿನ ತೀರ್ಪು ಬಂದಿತ್ತು. ಅಲ್ಲಿಂದೀಚೆಗೆ ಮೂಲದವರ ಒಪ್ಪಿಗೆ ಇಲ್ಲದೆ ಯಾರೂ ಸುಮ್ನೆ ಮುಟ್ಟುವುದಿಲ್ಲ. ಇದನ್ನು ಅವನಿಗೆ ಹೇಳಿದೆ. 'ಹಾಗಾದ್ರೆ ನೀನೇ ಕೇಳು' ಅಂದ.

ಕೇಳಿದ್ದೇನೆ. ಆಗುವುದಾದರೆ ಮೆತ್ತು ಹತ್ತಿ ಅವನಿಗೇ ಹೇಳು. ಆಗದು ಅಂದರೆ ಭಾನುವಾರ ನಿಮ್ಮ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ, ಇಲ್ಲಿ ಬೆಳಗಿನ ಜಾವ ಐದೂವರೆ. ಫೋನ್ ಮಾತ್ರ ಆಯಿಯ ಕೈಗೆ ಕೊಟ್ಟು ಎದ್ದು ಹೋಗಬೇಡ.

ಚಾಲಿ ಅಡಿಕೆ ರೇಟು ಎಷ್ಟಾಯಿತು ಅಂತಲೂ ಹೇಳು.

ನಿಮ್ಮ ಕೂಸು